ಸರ್ಕಾರಿ ಕೊಕ್ಕರೆಯ ತಾಯಿ

ನಮ್ಮ ಗುಮಾಸ್ತರನ್ನು ಈ ಭೂಮಿಯ ಮೇಲೆ ಎರಡು ಜೀವಗಳು ತಪ್ಪು ತಿಳಿದುಕೊಂಡಿದ್ದವು. ಒಂದು, ಅವರ ಹೆಂಡತಿಯ ಅಣ್ಣ. ಆತ ಇವರನ್ನು ದೊಡ್ಡ ಅಧಿಕಾರಿ ಎಂದು ನಂಬಿದ್ದ. ಇನ್ನೊಂದು, ಒಂದು ಕೊಕ್ಕರೆ. ಅದು ಇವರನ್ನು ತನ್ನ ಹೆತ್ತ ತಾಯಿ ಎಂದು ನಂಬಿತ್ತು. ಎರಡನ್ನೂ ತಿದ್ದಲು ಗುಮಾಸ್ತರಿಗೆ ಬೇಕಾದಷ್ಟು ಅವಕಾಶವಿತ್ತು. ಆದರೆ ತಮ್ಮ ಬಗ್ಗೆ ಯಾರಾದರೂ ದೊಡ್ಡದಾಗಿ ತಿಳಿದುಕೊಂಡಾಗ ಎದ್ದುನಿಂತು ‘ಅಲ್ಲ ಸ್ವಾಮಿ, ನಾನು ಅಷ್ಟು ದೊಡ್ಡವನಲ್ಲ’ ಎನ್ನುವ ಮಹಾತ್ಮರು ಎಷ್ಟು ಜನ ಸಿಗುತ್ತಾರೆ, ನೀವೇ ಹೇಳಿ.

ಗುಮಾಸ್ತರು ಇದ್ದದ್ದು ಸರ್ಕಾರದ ವನ್ಯಜೀವಿ ಪುನರ್ವಸತಿ ಕೇಂದ್ರದಲ್ಲಿ. ಗಾಯಗೊಂಡ, ದಿಕ್ಕು ತಪ್ಪಿದ ಕಾಡುಪ್ರಾಣಿಗಳನ್ನು ತಂದು, ವಾಸಿ ಮಾಡಿ, ಮತ್ತೆ ಕಾಡಿಗೆ ಬಿಡುವುದು ಆ ಕೇಂದ್ರದ ಕೆಲಸ. ಗುಮಾಸ್ತರ ಪಾಲಿಗೆ ಬಂದದ್ದು ಅದರ ಉಗ್ರಾಣ. ಬಕೆಟ್ಟು, ಪೊರಕೆ, ಕೈಗವಸು, ಔಷಧಿ, ಬಲೆ, ಮೀನಿನ ಫ್ರಿಜ್ಜು, ಇವಕ್ಕೆಲ್ಲ ಅವರು ಒಡೆಯರು. ಪ್ರತಿ ವಸ್ತುವಿನ ಮೇಲೂ ಕೆಂಪು ಬಣ್ಣದಲ್ಲಿ ನಂಬರು ಬರೆಯುತ್ತಿದ್ದರು. ಮದುವೆ ಮಾತುಕತೆಯ ದಿನ ಯಾರೋ ಬಾಯಿತಪ್ಪಿ ‘ಹುಡುಗ ಆಫೀಸರ್’ ಎಂದುಬಿಟ್ಟಿದ್ದರು. ಗುಮಾಸ್ತರು ತಿದ್ದಬೇಕೆಂದು ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಊಟಕ್ಕೆ ಕರೆದರು. ಊಟ ಚೆನ್ನಾಗಿತ್ತು.

ಇನ್ನು ಕೊಕ್ಕರೆಯ ವಿಷಯ. ರಸ್ತೆ ಅಗಲ ಮಾಡಲು ಮರ ಕಡಿದಾಗ ಗೂಡಿನಿಂದ ಬಿದ್ದ ಮರಿ ಅದು. ಕಾಲು ಊದಿಕೊಂಡು, ಮೈಮೇಲೆ ಪುಕ್ಕವಿಲ್ಲದೆ, ನೋಡಿದರೆ ಯಾರೋ ಅರ್ಧ ಮಾಡಿ ಬಿಟ್ಟ ಕೆಲಸದ ಹಾಗಿತ್ತು. ಕೇಂದ್ರದ ಪಶುವೈದ್ಯೆಯನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು. ಆಕೆ ಒಂದು ಕಟ್ಟಪ್ಪಣೆ ಹೊರಡಿಸಿದರು.

“ನೋಡಿ, ಈ ಜಾತಿ ಮರಿಗಳು ಯಾರ ಮುಖ ನೋಡಿ ಬೆಳೀತಾವೋ ಅವರನ್ನೇ ತಾಯಿ ಅಂದ್ಕೊಂಡುಬಿಡ್ತವೆ. ಮನುಷ್ಯನ ಮುಖ ನೋಡಿದ್ರೆ ಮುಗೀತು, ಆಮೇಲೆ ಯಾವತ್ತೂ ಕೊಕ್ಕರೆಗಳ ಜೊತೆ ಸೇರಲ್ಲ. ಆದ್ದರಿಂದ ಮುಸುಕು ಹಾಕ್ಕೊಂಡೇ ಒಳಗೆ ಹೋಗ್ಬೇಕು. ಮಾತು ಆಡೋ ಹಾಗಿಲ್ಲ. ಕೆಮ್ಮು ಬಂದ್ರೆ ಹೊರಗೆ ಬಂದು ಕೆಮ್ಮಿ.”

ಮುಸುಕು ಎಂದರೆ ತಲೆಯಿಂದ ಪಾದದವರೆಗೆ ಇಳಿಬಿದ್ದ ಬಿಳಿ ನಿಲುವಂಗಿ, ಕಣ್ಣಿನ ಹತ್ತಿರ ಸಣ್ಣ ಜಾಲರಿ. ಬಲಗೈಗೆ ಕೊಕ್ಕರೆಯ ತಲೆಯಂತೆ ಮಾಡಿದ ಬಟ್ಟೆಯ ಕೈಗೊಂಬೆ. ಆ ಗೊಂಬೆಯ ಕೊಕ್ಕಿನಿಂದಲೇ ಮೀನು ಕೊಡಬೇಕು. ಮರಿಗೆ ಮೀನು ಕೊಡಬೇಕಾದವನು ಮೊದಲ ವಾರವೇ ಪಾಚಿಯ ಮೇಲೆ ಜಾರಿ ಕಾಲು ಮುರಿದುಕೊಂಡ. ನಿರ್ದೇಶಕರು ಯೋಚಿಸಿ ತೀರ್ಪು ಕೊಟ್ಟರು: ನಿಲುವಂಗಿ ಉಗ್ರಾಣದ ಸಾಮಾನು, ಆದ್ದರಿಂದ ಅದರೊಳಗೆ ಹೋಗುವುದೂ ಉಗ್ರಾಣದವರ ಕೆಲಸ. ಈ ತರ್ಕಕ್ಕೆ ಎದುರಾಡುವ ಶಕ್ತಿ ಗುಮಾಸ್ತರಿಗಿರಲಿಲ್ಲ. ಅವರು ಹಾಲಿನವನಿಗೇ ಎದುರಾಡಿದವರಲ್ಲ.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಒಂದು ಮಧ್ಯಾಹ್ನ, ಡಾಕ್ಟರಮ್ಮ ರಜದಲ್ಲಿದ್ದಾಗ, ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದ ಭಾವ ‘ನಿಮ್ಮ ಆಫೀಸು ನೋಡ್ಬೇಕು’ ಎಂದು ಬಂದಿಳಿದ. ಗುಮಾಸ್ತರು ಬೆವರುತ್ತ ಅವನನ್ನು ಉಗ್ರಾಣದ ಬಾಗಿಲು ತಪ್ಪಿಸಿ, ನೇರವಾಗಿ ಮರಿಯನ್ನು ಇಟ್ಟಿದ್ದ ಬೇಲಿಯ ಅಂಕಣಕ್ಕೆ ಕರೆದೊಯ್ದರು. ಮುಸುಕು ಹಾಕಿಕೊಂಡು, ಗೊಂಬೆ ತೊಟ್ಟು, ಗಂಭೀರವಾಗಿ ಮೀನು ತಿನ್ನಿಸಿದರು. ಭಾವ ಬೇಲಿಯಾಚೆಯಿಂದ ಫೋನು ಎತ್ತಿ ಹಿಡಿದ.

“ಏನ್ರೀ ಆಫೀಸರ್ರೇ, ಈ ಗೋಣಿಚೀಲದೊಳಗೆ ಯಾರಿದ್ದಾರೆ ಅಂತ ಯಾರಿಗೆ ಗೊತ್ತಾಗುತ್ತೆ? ನಮ್ಮೋರಿಗೆಲ್ಲ ತೋರಿಸ್ಬೇಕು. ಒಂದ್ಸಲ ಮುಖ ತೆಗೀರಿ!”

ಗುಮಾಸ್ತರು ಮುಸುಕು ಸರಿಸಿ, ಕನ್ನಡಕ ಸರಿಮಾಡಿಕೊಂಡು, ಹಲ್ಲು ಬಿಟ್ಟರು. ಫೋಟೋ ಬಿತ್ತು. ಮರಿಯೂ ಕತ್ತೆತ್ತಿ ನೋಡಿತು. ಬಟ್ಟೆಯ ಗೊಂಬೆಯನ್ನು ಬಿಟ್ಟು, ಆ ದುಂಡು ಮುಖವನ್ನೇ ನೋಡುತ್ತ, ಹಿಂದೆಂದೂ ತೆರೆಯದಷ್ಟು ಅಗಲವಾಗಿ ಬಾಯಿ ತೆರೆಯಿತು. ಗುಮಾಸ್ತರ ಎದೆ ಕರಗಿ ನೀರಾಯಿತು. ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಅವರನ್ನು ಹಾಗೆ ನೋಡಿದವರು ಯಾರೂ ಇರಲಿಲ್ಲ. ಅಲ್ಲದೆ ಮುಸುಕಿನೊಳಗೆ ಅವರ ಕನ್ನಡಕ ಮಂಜಾಗಿ, ಮೀನು ಮರಿಯ ಬಾಯಿಗೆ ಹೋಗುವ ಬದಲು ಕಣ್ಣಿಗೆ ಹೋಗುತ್ತಿತ್ತು. ಮಾರನೆಯ ದಿನದಿಂದ ಯಾರೂ ಇಲ್ಲದಾಗ ಮುಸುಕು ಗೂಟದಲ್ಲೇ ನೇತಾಡಿತು.

ಮರಿ ಬೆಳೆಯಿತು. ಗುಮಾಸ್ತರ ಸೊಂಟದೆತ್ತರಕ್ಕೆ ಬಂತು, ರೆಕ್ಕೆ ಬಲಿಯಿತು, ಕಾಲು ವಾಸಿಯಾಯಿತು. ಡಾಕ್ಟರಮ್ಮ ಸಂತೋಷದಿಂದ ಅಂಕಣದ ಬಾಗಿಲು ತೆರೆದು ‘ಹೋಗಮ್ಮಾ’ ಎಂದರು. ಕೊಕ್ಕರೆ ಆಕಾಶ ನೋಡಿತು. ಆಮೇಲೆ ಸಾವಕಾಶವಾಗಿ ಅಂಗಳ ದಾಟಿ, ವರಾಂಡ ಹತ್ತಿ, ಉಗ್ರಾಣಕ್ಕೆ ನಡೆದು ಬಂದು, ಗುಮಾಸ್ತರ ಮೇಜಿನ ಪಕ್ಕ ಒಂಟಿಕಾಲಲ್ಲಿ ನಿಂತಿತು.

“ನಿಯಮದ ಪ್ರಕಾರವೇ ಬೆಳೆಸಿದ್ದೀವಲ್ಲ, ಹೀಗ್ಯಾಕೆ ಆಡ್ತಿದೆ?” ಎಂದು ಡಾಕ್ಟರಮ್ಮ ತಲೆ ಕೆರೆದುಕೊಂಡರು.

ಗುಮಾಸ್ತರು ಬಕೆಟ್ಟುಗಳನ್ನು ಜೋಡಿಸುವುದರಲ್ಲಿ ಮುಳುಗಿದ್ದರು. ಬಕೆಟ್ಟುಗಳನ್ನು ಆಗಲೇ ಜೋಡಿಸಿಯಾಗಿತ್ತು.

ಈ ಹೊತ್ತಿಗೆ ಸರಿಯಾಗಿ ಆಡಿಟರು ಬಂದರು. ಸಣ್ಣ ದನಿಯ, ದೊಡ್ಡ ಚೀಲದ ಮನುಷ್ಯ. ನಿರ್ದೇಶಕರ ಕೋಣೆಯಲ್ಲಿ ಕೂತು, ಕೊಟ್ಟ ಬಿಸ್ಕತ್ತನ್ನು ಮುಟ್ಟದೆ ಕೇಳಿದರು.

“ಈ ವರ್ಷ ವಾಸಿ ಮಾಡಿ ಬಿಟ್ಟ ಪ್ರಾಣಿಗಳು?”

“ಒಂದು ಆಮೆ ಇತ್ತು ಸಾರ್, ಪೂರ್ತಿ ವಾಸಿಯಾಗಿತ್ತು,” ಎಂದರು ನಿರ್ದೇಶಕರು. “ಬಿಡುಗಡೆಗೆ ಅನುಮತಿ ಬರೋ ಮುಂಚೆ ಅದು ತಾನಾಗೇ ಚರಂಡಿಯಲ್ಲಿ ಹೊರಟುಹೋಯ್ತು.”

“ಅದು ಪರಾರಿ. ಬಿಡುಗಡೆ ಅಲ್ಲ.”

“ಒಂದು ಮುಂಗುಸಿ...”

“ಅದು ಹೋದ ವರ್ಷದ ಲೆಕ್ಕಕ್ಕೆ ಸೇರಿದೆ. ಈಗ ಆರೈಕೆಯಲ್ಲಿ ಇರೋದು?”

ನಿರ್ದೇಶಕರು ಕಿಟಕಿಯ ಕಡೆ ಕೈ ತೋರಿಸಿದರು. ಅಂಗಳದಲ್ಲಿ ಕೊಕ್ಕರೆ ಒಂದು ಮೀನು ನುಂಗುತ್ತಿತ್ತು.

ಆಡಿಟರು ಕನ್ನಡಕ ತೆಗೆದು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಲೆಕ್ಕ ಹಾಕಿದರು. ನಿರ್ದೇಶಕರ ಸಂಬಳ, ಡಾಕ್ಟರಮ್ಮನ ಸಂಬಳ, ಕಾವಲುಗಾರರು, ಓಡದ ಜೀಪು, ಓಡದ ಜೀಪಿನ ಡ್ರೈವರು, ಕಾಂಪೌಂಡು, ಬೋರ್ಡು, ಬರಬಹುದೆಂದು ನಂಬಿದ್ದ ಆನೆಯನ್ನು ತೂಗಲು ತರಿಸಿದ್ದ ತಕ್ಕಡಿ, ಎಲ್ಲ ಸೇರಿ ಆ ಒಂದು ಕೊಕ್ಕರೆಯ ತಲೆಯ ಮೇಲೆ ಬಿತ್ತು. ಅಷ್ಟು ಸಣ್ಣ ತಲೆಯ ಮೇಲೆ ಅಷ್ಟು ದೊಡ್ಡ ಸರ್ಕಾರಿ ಖರ್ಚು ಹಿಂದೆಂದೂ ಬಿದ್ದಿರಲಾರದು. ಕೊಕ್ಕರೆ ಮಾತ್ರ ಮೀನು ಇಳಿಸಿ, ಇನ್ನೊಂದಕ್ಕೆ ಉಗ್ರಾಣದ ಕಡೆ ನೋಡಿತು.

ವಾರ ಕಳೆಯುವುದರೊಳಗೆ ಸುದ್ದಿ ಪತ್ರಿಕೆಗೆ ಬಂತು. ‘ಒಂದು ಕೊಕ್ಕರೆಗೆ ಒಂದು ಇಲಾಖೆ!’ ಎಂದು ದಪ್ಪ ಅಕ್ಷರ. ಅದರ ಕೆಳಗೆ ಫೋಟೋ ಬೇರೆ. ಪತ್ರಿಕೆಯವನೊಬ್ಬ ಮೊಳೆ ಕೊಳ್ಳಲು ಭಾವನ ಅಂಗಡಿಗೆ ಹೋಗಿದ್ದ. ಅಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ, ಕಟ್ಟು ಹಾಕಿಸಿದ ಚಿತ್ರದಲ್ಲಿ, ಮುಸುಕಿಲ್ಲದ ಗುಮಾಸ್ತರು ಹಲ್ಲು ಬಿಟ್ಟು ಕೊಕ್ಕರೆ ಮರಿಗೆ ಮೀನು ಹಿಡಿದಿದ್ದರು.

ಬೀದಿಯಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲವಾಯಿತು. ಎದುರು ಮನೆಯ ನಿವೃತ್ತ ಮೇಷ್ಟ್ರು ಗೇಟಿನಲ್ಲೇ ಅಡ್ಡಗಟ್ಟಿದರು.

“ನಾನು ಜೀವಮಾನವೆಲ್ಲ ಮಕ್ಕಳಿಗೆ ಪಾಠ ಹೇಳ್ದೆ. ನನ್ನ ಹಲ್ಲು ಕಟ್ಟಿಸೋಕೆ ಸರ್ಕಾರದ ಹತ್ರ ದುಡ್ಡಿಲ್ಲ. ಆ ನಿಮ್ಮ ಕೊಕ್ಕರೆಗೆ ಹಲ್ಲೇ ಇಲ್ಲ, ಅದಕ್ಕೆ ದಿನಾ ತಾಜಾ ಮೀನು! ಅದರಲ್ಲಿ ನನ್ನ ತೆರಿಗೆಯ ಮೀನು ಯಾವುದು, ತೋರಿಸಿ!”

ಇಸ್ತ್ರಿ ಅಂಗಡಿಯವನು ಇನ್ನೂ ಸೌಮ್ಯ. “ಸಾಹೇಬ್ರೇ, ನನ್ನ ಭಾಮೈದ ಒಬ್ಬ ಸುಮ್ನೆ ಕೂತಿದ್ದಾನೆ. ಉದ್ದ ಕಾಲು. ನಿಮ್ಮ ಕೇಂದ್ರದಲ್ಲಿ ಎಲ್ಲಾದ್ರೂ ನಿಲ್ಲಿಸ್ಕೊಳ್ಳಿ. ಮೀನೂ ತಿಂತಾನೆ.”

ಕಚೇರಿಯಲ್ಲಿ ಇದಕ್ಕಿಂತ ದೊಡ್ಡ ಮಂಗಳಾರತಿ ಕಾದಿತ್ತು. ಡಾಕ್ಟರಮ್ಮ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಫೋಟೋದ ಮೇಲೆ ಬೆರಳಿಟ್ಟರು. ಒಂದೇ ಮಾತು ಕೇಳಿದರು.

“ಮುಸುಕು ಎಲ್ರೀ?”

ಗುಮಾಸ್ತರು ನಾಲಿಗೆ ಕಚ್ಚಿಕೊಂಡರು. ಡಾಕ್ಟರಮ್ಮ ಕುರ್ಚಿಯಲ್ಲಿ ಕುಸಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಿರ್ದೇಶಕರು ಎದ್ದು ಬಾಗಿಲು ಹಾಕಿದರು. “ಈ ವಿಷಯ ಈ ಕೋಣೆ ದಾಟಬಾರದು. ಇಲಾಖೆಯ ಕಾರ್ಯದರ್ಶಿಗಳೇ ಬರ್ತಿದ್ದಾರೆ, ಅವರ ಕಣ್ಣೆದುರಿಗೆ ಕೊಕ್ಕರೆ ಹಾರ್ಬೇಕು. ಹಾರಿದ್ರೆ ಸರಿ. ಹಾರದೆ ಹೋದ್ರೆ ಅದನ್ನ ಮೃಗಾಲಯಕ್ಕೆ ಕಳಿಸ್ತಾರಂತೆ. ಅಲ್ಲಿ ಪಂಜರ ನೋಡಿದ್ದೀರಾ? ರೆಕ್ಕೆ ಬಿಚ್ಚೋಕೆ ಜಾಗ ಇಲ್ಲ. ಸಾಯೋವರೆಗೂ ಅಲ್ಲೇ.”

ಗುಮಾಸ್ತರು ಡಾಕ್ಟರಮ್ಮನ ಕಡೆ ತಿರುಗಿದರು. “ಏನಾದ್ರೂ ದಾರಿ ಇಲ್ವಾ ಡಾಕ್ಟರಮ್ಮಾ?”

“ಒಂದೇ ದಾರಿ. ಯಾರನ್ನ ತಾಯಿ ಅಂದ್ಕೊಂಡಿದೆಯೋ ಅವರೇ ಅದನ್ನ ಹೆದರಿಸ್ಬೇಕು. ಬೈರಿ. ತಟ್ಟೆ ಬಡೀರಿ. ಅಟ್ಟಿಸ್ಕೊಂಡು ಹೋಗಿ. ಮನುಷ್ಯನ ಮುಖ ಕಂಡ್ರೆ ಓಡ್ಬೇಕು ಅದು. ನಾವು ಬೈದ್ರೆ ಉಪಯೋಗ ಇಲ್ಲ. ನೀವೇ ಆಗ್ಬೇಕು.”

ಗುಮಾಸ್ತರು ಅಂಕಣಕ್ಕೆ ಹೋಗಿ ಗಂಟಲು ಸರಿಮಾಡಿಕೊಂಡು ‘ಏಯ್’ ಎಂದರು. ಕೊಕ್ಕರೆ ಓಡಿಬಂದು ಅವರ ಜೇಬಿನೊಳಗೆ ಕೊಕ್ಕು ಹಾಕಿತು. ‘ಹೋಗು’ ಎಂದರು. ಅದು ಕತ್ತು ಚಾಚಿ ಅವರ ಕನ್ನಡಕವನ್ನು ಮೆಲ್ಲಗೆ ಕುಟ್ಟಿತು. ತಟ್ಟೆ ಬಡಿದರು. ಮೀನು ತರುತ್ತಿದ್ದದ್ದು ಅದೇ ತಟ್ಟೆಯಲ್ಲಿ. ಕೊಕ್ಕರೆ ಕೊಕ್ಕು ಕಟಕಟ ಬಡಿಯುತ್ತ ರೆಕ್ಕೆ ಬಿಚ್ಚಿ ಕುಣಿಯಿತು. ಬೇಲಿಯಾಚೆ ನಿಂತಿದ್ದ ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. “ಮನೇಲಾದ್ರೂ ಅಭ್ಯಾಸ ಮಾಡ್ಕೊಂಡು ಬನ್ರೀ!”

ಹೇಳಿದ ಮಾತನ್ನು ಹೇಳಿದ ಹಾಗೆ ಮಾಡುವುದೇ ಗುಮಾಸ್ತರ ಜೀವನದ ದೊಡ್ಡ ದೋಷ. ಸಂಜೆ ಮನೆಗೆ ಬಂದವರೇ ಸ್ನಾನದ ಕೋಣೆ ಹೊಕ್ಕು, ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ನಿಂತರು. ಪಕ್ಕದ ಕೋಣೆಯಲ್ಲಿ ಅತ್ತೆ ಇದ್ದರು. ಮಂಡಿನೋವಿಗೆ ಡಾಕ್ಟರಿಗೆ ತೋರಿಸಿಕೊಂಡು ಹೋಗಲೆಂದು ಮಗಳ ಮನೆಗೆ ಬಂದವರು, ಕಾಲ ಎಷ್ಟೋ ಕಳೆದರೂ ಇನ್ನೂ ತೋರಿಸಿಕೊಳ್ಳುತ್ತಲೇ ಇದ್ದರು. ಎರಡು ಕೋಣೆಗಳ ನಡುವಿನ ಗೋಡೆ ತೆಳ್ಳಗಿತ್ತು.

“ಹೊರಡು!” ಎಂದು ಗೋಡೆಯಾಚೆಯಿಂದ ಗುಡುಗು ಕೇಳಿಸಿತು. “ಇನ್ನೂ ಎಷ್ಟು ದಿನ ಇಲ್ಲೇ ಬಿದ್ದಿರ್ತೀಯ? ಬಂದಿದ್ದು ಕಾಲುನೋವು ಅಂತ. ಕಾಲು ವಾಸಿಯಾಗಿ ಯಾವ ಕಾಲ ಆಯ್ತು! ಹೊತ್ತುಹೊತ್ತಿಗೆ ತಿನ್ನೋದು, ಬಾಗಿಲಲ್ಲಿ ಕಂಬದ ಹಾಗೆ ನಿಲ್ಲೋದು! ನಿನ್ನ ಖರ್ಚು ನೋಡಿ ಊರೇ ನಗ್ತಿದೆ. ನಿನಗೆ ಅಂತ ಬಂಧು ಬಳಗ ಇಲ್ವಾ? ಅವರ ಹತ್ರ ಹೋಗು! ನನ್ನ ಮುಖ ನೋಡ್ಬೇಡ!”

ಆಮೇಲೆ ಬಕೆಟ್ಟು ಬಡಿದ ಸದ್ದು.

ಗುಮಾಸ್ತರು ತಮ್ಮ ಪ್ರಗತಿಗೆ ತಾವೇ ಬೆರಗಾಗಿ, ಬೆವರು ಒರೆಸಿಕೊಂಡು ಹೊರಗೆ ಬಂದರು. ಹಜಾರದ ನಡುವೆ ಅತ್ತೆಯ ಟ್ರಂಕು ಇತ್ತು. ಟ್ರಂಕಿನ ಮೇಲೆ ಅತ್ತೆ ಕೂತಿದ್ದರು. ಹೆಂಡತಿ ಬಾಗಿಲಿಗೆ ಒರಗಿ, ಕಣ್ಣಲ್ಲೇ ಗಂಡನನ್ನು ಸುಡುತ್ತಿದ್ದಳು.

“ಅಳಿಯಂದಿರು ಅಂತ ದೇವರ ಹಾಗೆ ನೋಡ್ಕೊಂಡೆ,” ಎಂದರು ಅತ್ತೆ. “ಬಹುವಚನ ಬಿಟ್ಟು ಒಂದು ಮಾತು ಆಡಿದವಳಲ್ಲ. ಇವತ್ತು ನನಗೆ ‘ಬಿದ್ದಿರ್ತೀಯ’ ಅಂದ್ರಲ್ಲಪ್ಪಾ! ತಿಂದಿದ್ದು ಲೆಕ್ಕ ಹಾಕಿದ್ರಲ್ಲ!”

“ಅಯ್ಯೋ ಅತ್ತೆ, ನಾನು ಬೈದಿದ್ದು ಕೊಕ್ಕರೆಗೆ!”

ಹೆಂಡತಿ ಸ್ನಾನದ ಕೋಣೆಯ ಬಾಗಿಲು ತಳ್ಳಿ ಒಳಗೆ ನೋಡಿದಳು.

“ಸ್ನಾನದ ಕೋಣೆಯಲ್ಲಿ ಕೊಕ್ಕರೆ ಎಲ್ಲಿತ್ರೀ?” ಎಂದಳು ಹೆಂಡತಿ.

ಉತ್ತರ ಹುಡುಕುವುದರೊಳಗೆ ಮೇಷ್ಟ್ರು ಕಿಟಕಿಯಲ್ಲಿ ಇಣುಕಿ, “ವಯಸ್ಸಾದವರನ್ನ ಹೀಗೆ ಹೊರಗೆ ಹಾಕ್ತಾರೇನ್ರೀ? ಕೊಕ್ಕರೆಗೆ ಮೀನು, ಅತ್ತೆಗೆ ಬಕೆಟ್ಟು!” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ, ಸುದ್ದಿ ಹಂಚಲು ಹೊರಟುಹೋದರು. ಫೋನು ಹೋಗಿ, ಬೆಳಗಾಗುವುದರೊಳಗೆ ಭಾವ ಬಂದ. ಚಪ್ಪಲಿಯನ್ನೂ ಬಿಡಲಿಲ್ಲ.

“ಆಫೀಸರ್ ಆದ್ರೆ ಕೊಂಬು ಬರುತ್ತೇನ್ರೀ? ನನ್ನ ತಾಯಿಯನ್ನ ಹೋಗು ಅನ್ನೋಕೆ ನೀವ್ಯಾರು?”

ಆಗ ಗುಮಾಸ್ತರು ಟ್ರಂಕಿನ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿಬಿಟ್ಟರು. ಮುಸುಕು, ಫೋಟೋ, ಕೊಕ್ಕರೆ, ಪಂಜರ. ಹೇಳುತ್ತ ಹೇಳುತ್ತ ಹರಿವು ನಿಲ್ಲದೆ, ತಾವು ಅಧಿಕಾರಿಯಲ್ಲ, ಉಗ್ರಾಣದ ಗುಮಾಸ್ತ ಎನ್ನುವುದೂ ಹೊರಬಿತ್ತು.

ಭಾವನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. “ಅಂದ್ರೆ... ಆಫೀಸರ್ ಅಲ್ವಾ? ಫೋಟೋಗೆ ಕಟ್ಟು ಹಾಕಿಸಿ ಗಲ್ಲಾ ಮೇಲೆ ಇಟ್ಟಿದ್ದೀನಲ್ರೀ! ಬಂದೋರಿಗೆಲ್ಲ ಹೇಳಿದ್ದೀನಲ್ರೀ!” ಆಮೇಲೆ ತಂಗಿಯ ಕಡೆ ತಿರುಗಿದ. “ನಿನಗೆ ಗೊತ್ತಿತ್ತೇನೇ?”

“ಮದುವೆಯಾದ ವಾರಕ್ಕೇ ಗೊತ್ತಿತ್ತು,” ಎಂದಳು ಹೆಂಡತಿ. “ಮನೆ ಬಕೆಟ್ಟಿಗೆಲ್ಲ ಕೆಂಪು ಬಣ್ಣದಲ್ಲಿ ನಂಬರು ಬರೆದ್ರು. ಯಾವ ಆಫೀಸರ್ ಬರೀತಾನೆ?”

ಅತ್ತೆ ಮಾತ್ರ ಬೇರೇನನ್ನೋ ಯೋಚಿಸುತ್ತಿದ್ದರು. “ಆ ಮರಿ ನಿಮ್ಮನ್ನ ನೋಡಿದ್ರೆ ಓಡಿ ಬರುತ್ತಾ?”

“ಓಡಿ ಬರುತ್ತೆ ಅತ್ತೆ.”

“ಅದಕ್ಕೇ ಬೈಗುಳ ಬರ್ತಿಲ್ಲ ನಿಮಗೆ.” ಅತ್ತೆ ಟ್ರಂಕಿನಿಂದ ಎದ್ದರು. ಮಂಡಿ ಹಿಡಿದುಕೊಳ್ಳುವುದನ್ನೂ ಮರೆತಿದ್ದರು. “ನಿನ್ನೆ ಗೋಡೆ ಪಕ್ಕ ಕೂತು ಕೇಳ್ದೆನಲ್ಲ, ಉಪ್ಪಿಲ್ಲ, ಖಾರ ಇಲ್ಲ. ಬೈಯೋವಾಗ ಕಣ್ಣಲ್ಲಿ ಕಣ್ಣಿಡ್ಬೇಕು ಅಳಿಯಂದ್ರೇ. ಕಣ್ಣು ತಪ್ಪಿಸಿದ್ರೆ ಎದುರಿನವರಿಗೆ ಗೊತ್ತಾಗಿಬಿಡುತ್ತೆ, ಇವರಿಗೆ ಮನಸ್ಸಿಲ್ಲ ಅಂತ. ಬನ್ನಿ, ನಾನು ಹೇಳಿಕೊಡ್ತೀನಿ.”

ಅಂದಿನಿಂದ ಆ ಮನೆಯಲ್ಲಿ ದಿನವೂ ಅತ್ತೆ ಒಂಟಿಕಾಲಲ್ಲಿ ಗೋಡೆ ಹಿಡಿದು ನಿಂತು ಕೊಕ್ಕರೆಯಾದರು, ಅಳಿಯ ಬೈದರು. ಬೀದಿಯವರು ಮೇಷ್ಟ್ರ ಮನೆಯ ಜಗಲಿಯಲ್ಲಿ ಕೂತು ಕೇಳಿದರು. “ಇನ್ನೂ ಜೋರಾಗಿ!” ಎಂದು ಅತ್ತೆಯೇ ಕೂಗುತ್ತಿದ್ದದ್ದನ್ನು ಕೇಳಿ, ಆ ಮನೆಯಲ್ಲಿ ಎಲ್ಲರಿಗೂ ಏನೋ ಆಗಿದೆ ಎಂದು ತೀರ್ಮಾನಿಸಿದರು. ಅಂಕಣದಲ್ಲಿ ಮಾತ್ರ, ಕೊಕ್ಕರೆ ಓಡಿ ಬಂದೊಡನೆ, ಅಳಿಯನಿಗೆ ಒಂದು ಬೈಗುಳವೂ ಹೊರಡುತ್ತಿರಲಿಲ್ಲ.

ಕಾರ್ಯದರ್ಶಿಗಳು ಬರುವ ದಿನ ಕೇಂದ್ರದ ಹಿಂದಿನ ಬಯಲಿಗೆ ಶಾಮಿಯಾನ ಬಂತು. ಬಯಲಿನಾಚೆ ಕೆರೆ, ಕೆರೆಯಲ್ಲಿ ಕೊಕ್ಕರೆಗಳ ಹಿಂಡು. ಊರೆಲ್ಲ ಸೇರಿತ್ತು. ತಮ್ಮ ತೆರಿಗೆ ಹಾರುವುದನ್ನು ಕಣ್ಣಾರೆ ನೋಡಬೇಕೆಂದು ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತಿದ್ದರು. ಭಾವ, ಹೆಂಡತಿ, ಅತ್ತೆ ಹಿಂದೆ. ಗುಟ್ಟು ಹೊರಬೀಳಬಾರದೆಂದು ಗುಮಾಸ್ತರಿಗೆ ನಿರ್ದೇಶಕರ ಖಡಾಖಂಡಿತ ಆಜ್ಞೆಯಾಗಿತ್ತು: ಮುಸುಕು ಹಾಕಿ, ಪಂಜರದ ಬಾಗಿಲು ತೆರೆದು, ದೂರ ಹೋಗಿ ನಿಲ್ಲಬೇಕು. ಮುಖ ತೋರಿಸಿದರೆ ಕೆಲಸ ಹೋಯಿತು ಎಂದೇ ತಿಳಿಯಬೇಕು.

ಭಾಷಣಗಳಾದವು. ಬಾಗಿಲು ತೆರೆಯಿತು. ಕೊಕ್ಕರೆ ಹೊರಗೆ ಬಂತು. ಕಾಲಿಗೆ ಹಳದಿ ಬಳೆ ತೊಡಿಸಿದ್ದರು. ಅದು ಕೆರೆಯ ಕಡೆ ನೋಡಲಿಲ್ಲ. ಜನರ ಕಡೆ ತಿರುಗಿ, ಮೊದಲನೇ ಸಾಲಿನಿಂದ ಒಬ್ಬೊಬ್ಬರ ಮುಖವನ್ನೇ ಕತ್ತೆತ್ತಿ ನೋಡುತ್ತ ಹೊರಟಿತು. ಮೇಷ್ಟ್ರ ಮುಖ ನೋಡಿತು, ಬೇಡವೆಂದು ಮುಂದೆ ಹೋಯಿತು. ಕಾರ್ಯದರ್ಶಿಗಳ ಮುಖ ನೋಡಿತು, ಅದೂ ಹಿಡಿಸಲಿಲ್ಲ. ಕೊನೆಗೆ ಬಯಲಿನ ನಡುವೆ ನಿಂತು, ಕೊಕ್ಕು ಮೇಲೆತ್ತಿ ಕಟಕಟ ಬಡಿಯಿತು. ತಟ್ಟೆಯ ಸದ್ದಿಗೆ ಕೊಡುತ್ತಿದ್ದ ಉತ್ತರ ಅದು. ಮುಸುಕಿನೊಳಗೆ ಗುಮಾಸ್ತರ ಕನ್ನಡಕ ಮಂಜಾಯಿತು.

“ಏನ್ರೀ ಇದು?” ಎಂದರು ಕಾರ್ಯದರ್ಶಿಗಳು. “ಇಷ್ಟು ಖರ್ಚು ಮಾಡಿ ಸರ್ಕಾರ ಒಂದು ಕೊಕ್ಕರೆಗೆ ನಡೆಯೋದು ಕಲಿಸಿತಾ?”

ಜನ ಗೊಳ್ಳೆಂದು ನಕ್ಕರು. ನಿರ್ದೇಶಕರು ಕೈ ಹಿಸುಕಿಕೊಂಡರು. ಕಾರ್ಯದರ್ಶಿಗಳು ಎದ್ದು ನಿಂತರು. “ಸಾಕು. ಮೃಗಾಲಯಕ್ಕೆ ಫೋನ್ ಮಾಡಿ, ಪಂಜರ ತರಲಿ.”

ಆಗ ಬಯಲಿನ ಅಂಚಿನಲ್ಲಿದ್ದ ಬಿಳಿ ಗೋಣಿಚೀಲ ನಡೆದು ಬಂತು. ಎಲ್ಲರೆದುರಿಗೆ ನಿಂತು ಮುಸುಕು ಕಿತ್ತೆಸೆಯಿತು. ನಿರ್ದೇಶಕರು “ಏಯ್, ಏಯ್” ಎಂದರು. ಡಾಕ್ಟರಮ್ಮ ಎದ್ದುನಿಂತರು. ಕೊಕ್ಕರೆ ಆ ಮುಖ ಕಂಡದ್ದೇ ತಡ, ರೆಕ್ಕೆ ಅರ್ಧ ಬಿಚ್ಚಿ, ಉದ್ದ ಕಾಲುಗಳನ್ನು ಎಲ್ಲೆಂದರಲ್ಲಿ ಹಾಕುತ್ತ, ಎದ್ದೆನೋ ಬಿದ್ದೆನೋ ಎಂದು ಓಡಿ ಬಂತು. ಬಾಯಿ ಅಗಲವಾಗಿ ತೆರೆದಿತ್ತು.

“ಹೊರಡು!” ಎಂದರು ಗುಮಾಸ್ತರು. “ಇನ್ನೂ ಎಷ್ಟು ದಿನ... ಇಲ್ಲೇ...”

ಅಷ್ಟು ದಿನ ಕಲಿತದ್ದೆಲ್ಲ ಮರೆತುಹೋಯಿತು. ಕೊಕ್ಕರೆ ಬಂದು, ಕತ್ತು ಚಾಚಿ ಅವರ ಭುಜದ ಮೇಲೆ ಕೊಕ್ಕಿಟ್ಟಿತು. ಜನ ಮತ್ತೆ ನಕ್ಕರು. “ಅಮ್ಮಾ ಅನ್ನುತ್ತೆ ನೋಡ್ರೋ!” ಎಂದು ಯಾರೋ ಕೂಗಿದರು.

“ಕಣ್ಣು ತಪ್ಪಿಸ್ಬೇಡಿ ಅಳಿಯಂದ್ರೇ!” ಹಿಂದಿನಿಂದ ಅತ್ತೆಯ ದನಿ ಬಂತು. ಆ ದನಿ ಅರ್ಧದಲ್ಲೇ ಒಡೆದಿತ್ತು.

ಗುಮಾಸ್ತರು ಕೊಕ್ಕರೆಯನ್ನು ಎರಡೂ ಕೈಯಲ್ಲಿ ದೂಡಿದರು. ಅದು ತೂರಾಡಿ, ಆಟವೆಂದು ತಿಳಿದು ಮತ್ತೆ ಬಂತು. ಅವರು ಬಗ್ಗಿ ಒಂದು ಮಣ್ಣುಹೆಂಟೆ ಎತ್ತಿದರು. ಅದರ ಕಣ್ಣಲ್ಲೇ ಕಣ್ಣಿಟ್ಟು ಬೀಸಿದರು. ಹೆಂಟೆ ರೆಕ್ಕೆಗೆ ಬಡಿದು ಪುಡಿಯಾಯಿತು. ಕೊಕ್ಕರೆ ನಿಂತಿತು. ಇದ್ಯಾವ ಬಗೆಯ ಮೀನು ಎನ್ನುವಂತೆ ಮಣ್ಣನ್ನು ನೋಡಿತು, ಅವರನ್ನು ನೋಡಿತು. ಅವರು ಇನ್ನೊಂದು ಎತ್ತಿದರು. ಅದು ಎದೆಗೆ ತಾಗಿತು. ನಗು ನಿಂತುಹೋಗಿತ್ತು. “ಹೋಗು!” ಎಂದು ಕಿರುಚಿದರು. ಹಾಲಿನವನಿಗೂ ಎದುರಾಡದ ಆ ಗಂಟಲಿನಿಂದ ಅಂಥ ಸದ್ದು ಹೊರಟಿತು ಎಂದರೆ ಅವರ ಹೆಂಡತಿಯೇ ನಂಬಲಿಲ್ಲ. “ಹೋಗು! ಹೋಗೇ!” ಎನ್ನುತ್ತ, ಅಳುತ್ತ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತ ಅಟ್ಟಿಸಿಕೊಂಡು ಓಡಿದರು. ಕೊಕ್ಕರೆ ಹಿಂದೆ ಹಿಂದೆ ಸರಿಯಿತು, ಓಡಿತು, ಆಮೇಲೆ ನೆಲ ಬಿಟ್ಟಿತು. ಕೆರೆಯ ಮೇಲೆ ಒಂದು ಸುತ್ತು ಹೊಡೆದು, ಹಿಂಡಿನಾಚೆ ದೂರದಲ್ಲಿ ಇಳಿಯಿತು.

ಬಯಲೆಲ್ಲ ಚಪ್ಪಾಳೆ. ಮೇಷ್ಟ್ರು ಎದ್ದು ನಿಂತು ತಟ್ಟಿದರು. ಗುಮಾಸ್ತರು ಮಾತ್ರ ಮೊಣಕಾಲೂರಿ ಕೂತು ಕೈಯ ಮಣ್ಣನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದರು, ಒರೆಸಿಕೊಳ್ಳುತ್ತಲೇ ಇದ್ದರು.

ಕಾರ್ಯಕ್ರಮ ಪೂರ್ಣ ಯಶಸ್ವಿ ಎಂದು ಘೋಷಣೆಯಾಯಿತು. ವಾಸಿ ಮಾಡಿ ಬಿಟ್ಟ ಪ್ರಾಣಿಗಳ ಲೆಕ್ಕದಲ್ಲಿ ಒಂದು ಸೇರಿತು. ಆರೈಕೆಯಲ್ಲಿರುವ ಪ್ರಾಣಿಗಳ ಲೆಕ್ಕದಲ್ಲಿ ಏನೂ ಉಳಿಯಲಿಲ್ಲ. ಪ್ರಾಣಿಯೇ ಇಲ್ಲದ ಮೇಲೆ ಕೇಂದ್ರವೇಕೆ ಎಂದು ಆಡಿಟರು ಸಣ್ಣ ದನಿಯಲ್ಲಿ ಕೇಳಿದರು. ಕೇಂದ್ರ ಮುಚ್ಚಿತು. ನಿರ್ದೇಶಕರು ಬಡ್ತಿ ಪಡೆದು ಮೀನುಗಾರಿಕೆ ಇಲಾಖೆಗೆ ಹೋದರು. ಡಾಕ್ಟರಮ್ಮ ಯಾವುದೋ ಕೋಳಿ ಫಾರಮ್ಮಿಗೆ ಸೇರಿದರು. ಆನೆಯ ತಕ್ಕಡಿಯನ್ನು ಹರಾಜು ಹಾಕಿದಾಗ ಕೊಳ್ಳುವವರು ಬರಲಿಲ್ಲ, ಅದು ಈಗಲೂ ಆ ಅಂಗಳದಲ್ಲಿ ಆನೆಗಾಗಿ ಕಾಯುತ್ತಿದೆ. ಆಜ್ಞೆ ಮೀರಿ ಮುಖ ತೋರಿಸಿದ ಗುಮಾಸ್ತರಿಗೆ ಬೇರೆಲ್ಲೂ ಜಾಗ ಕೊಡಲಿಲ್ಲ.

ಅವರೀಗ ಭಾವನ ಅಂಗಡಿಯಲ್ಲಿ ಬಕೆಟ್ಟುಗಳಿಗೆ ನಂಬರು ಬರೆಯುತ್ತಾರೆ. ಗಲ್ಲಾಪೆಟ್ಟಿಗೆಯ ಮೇಲೆ ಆ ಫೋಟೋ ಹಾಗೇ ಇದೆ. ತೆಗೆದುಬಿಡಿ ಎಂದು ಗುಮಾಸ್ತರು ಒಮ್ಮೆ ಕೇಳಿಕೊಂಡರು. “ಇರ್ಲಿ ಬಿಡ್ರೀ, ಮೊಳೆ ಹೊಡೆದಾಗಿದೆ,” ಎಂದು ಭಾವ ಮಾತು ತೇಲಿಸಿದ.

ಒಂದು ಸಂಜೆ ಅತ್ತೆ, ಡಾಕ್ಟರು ಮಂಡಿಗೆ ನಡಿಗೆ ಹೇಳಿದ್ದಾರೆಂದು, ಅಳಿಯನನ್ನು ಕೆರೆಯ ಕಡೆ ಕರೆದುಕೊಂಡು ಹೋದರು. ಡಾಕ್ಟರು ಹಾಗೆ ಹೇಳಿದ್ದು ಯಾರಿಗೂ ಗೊತ್ತಿರಲಿಲ್ಲ. ಕೊಕ್ಕರೆಗಳು ನೀರಿನಲ್ಲಿ ಸಾಲಾಗಿ ನಿಂತಿದ್ದವು. ದಡದಲ್ಲಿ ಒಬ್ಬಾಕೆ ಬಟ್ಟೆ ಒಗೆಯುತ್ತಿದ್ದಳು. ಏರಿಯ ಮೇಲೆ ಬೈಕುಗಳು ಹೋಗುತ್ತಿದ್ದವು. ಹಕ್ಕಿಗಳು ಯಾರಿಗೂ ಕ್ಯಾರೇ ಎನ್ನುತ್ತಿರಲಿಲ್ಲ.

“ಅಗೋ, ಹಳದಿ ಬಳೆ. ಅದೇ ಅಲ್ವಾ?” ಎಂದರು ಅತ್ತೆ.

ಗುಮಾಸ್ತರು ಕನ್ನಡಕ ಒರೆಸಿ ಹಾಕಿಕೊಂಡು, ಎರಡು ಹೆಜ್ಜೆ ಮುಂದೆ ಹೋದರು. ಹಳದಿ ಬಳೆಯ ಕೊಕ್ಕರೆ ಕತ್ತೆತ್ತಿತು. ಇತ್ತ ತಿರುಗಿತು. ಅಷ್ಟು ದೂರದಿಂದಲೂ ಆ ಮುಖವನ್ನು ನೋಡಿತು, ಒಂದು ಗಳಿಗೆ ನೋಡುತ್ತಲೇ ನಿಂತಿತು. ಆಮೇಲೆ ಬೆಚ್ಚಿಬಿದ್ದು, ನೀರನ್ನೆಲ್ಲ ಎರಚಾಡಿ, ಜೀವ ಹಿಡಿದುಕೊಂಡು ಹಾರಿಹೋಯಿತು. ಉಳಿದ ಕೊಕ್ಕರೆಗಳು ಅಲುಗಲಿಲ್ಲ. ಇದಕ್ಕೇನಾಯಿತು ಎಂದು ಸುತ್ತ ನೋಡಿ ಮತ್ತೆ ನೀರಿಗೆ ಬಗ್ಗಿದವು.

“ನೋಡಿದ್ರಾ ಅತ್ತೆ,” ಎಂದರು ಗುಮಾಸ್ತರು. “ಇಷ್ಟು ಜನರಲ್ಲಿ ನಾನೊಬ್ಬನೇ ನೆನಪಿದ್ದೀನಿ ಅದಕ್ಕೆ.”

ಅತ್ತೆ ಅವರ ತೋಳು ಹಿಡಿದರು. “ಬನ್ನಿ, ಮನೆಗೆ ಹೋಗೋಣ,” ಎಂದರು.

“ಸ್ವಲ್ಪ ತಾಳಿ. ಅದು ಮೀನು ಹಿಡಿಯೋ ಹೊತ್ತು ಇದು.”

ಗುಮಾಸ್ತರು ಜೇಬಿನಿಂದ ಕರವಸ್ತ್ರ ತೆಗೆದರು. ಬಿಡಿಸಿ, ಕನ್ನಡಕದ ಮೇಲಿಂದ ಮುಖದ ತುಂಬ ಮುಚ್ಚಿಕೊಂಡು, ತಲೆಯ ಹಿಂದೆ ಗಂಟು ಹಾಕಿಕೊಂಡರು. ಬಟ್ಟೆ ಒಗೆಯುತ್ತಿದ್ದಾಕೆ ಕೈ ನಿಲ್ಲಿಸಿ ನೋಡಿದಳು. ಏರಿಯ ಮೇಲೆ ಯಾರೋ ಬೈಕು ನಿಲ್ಲಿಸಿ ನಕ್ಕರು. 

ಅವರು ಕದಲಲಿಲ್ಲ.

“ಬಂತಾ ಅತ್ತೆ?”

“ಬಂತು. ಅಲ್ಲೇ ಇಳೀತು.”

“ಏನು ಮಾಡ್ತಿದೆ?”

“ನೀರಿಗೆ ಬಗ್ಗಿದೆ.”

“ಸಿಕ್ತಾ?”

“ಸಿಕ್ತು.”

“ದೊಡ್ಡದಾ?”

“ದೊಡ್ಡದೇ,” ಎಂದರು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

ಕರವಸ್ತ್ರದೊಳಗೆ ಕನ್ನಡಕ ಮಂಜಾಗಿತ್ತು. ಗುಮಾಸ್ತರು ಕೆಮ್ಮು ಬಂದರೂ ಕೆಮ್ಮದೆ, ಕತ್ತಲಾಗುವವರೆಗೂ ಹಾಗೇ ನಿಂತಿದ್ದರು.